ಬೆಳ್ಳಿತೆರೆಗೆ ಕಪ್ಪು ತಂದವರು

ಟೂರಿಂಗ್ ಟಾಕೀಸುಗಳ ಕಾಲವನ್ನು ಕಂಡವರಿಗೆ ಒಂದು ಸಂಗತಿ ನೆನಪಿರುತ್ತದೆ. ಟೆಂಟಿನಲ್ಲಿ ಸಾಮಾನ್ಯವಾಗಿ ದಿನಕ್ಕೆ ಎರಡೇ ಆಟ. ಮೊದಲನೆಯದು ಸಂಜೆ ಕತ್ತಲಾದ ಮೇಲೆ, ಎರಡನೆಯದು ಊಟದ ಹೊತ್ತು ಮುಗಿದ ಮೇಲೆ. ಪೇಟೆಯ ಚಿತ್ರಮಂದಿರಗಳಲ್ಲಿ ಬೆಳಗಿನ ಆಟ, ಮ್ಯಾಟಿನಿ ಎಲ್ಲ ನಡೆಯುತ್ತಿದ್ದರೂ ಟೆಂಟಿಗೆ ಆ ಭಾಗ್ಯವಿರಲಿಲ್ಲ. ಯಂತ್ರ ಸಿದ್ಧವಾಗಿರುತ್ತಿತ್ತು, ರೀಲು ಸಿದ್ಧವಾಗಿರುತ್ತಿತ್ತು, ಧ್ವನಿವರ್ಧಕದಲ್ಲಿ ಭಕ್ತಿಗೀತೆಯೂ ಮೊಳಗುತ್ತಿತ್ತು. ಆದರೂ ಟೆಂಟಿನ ಮಾಲೀಕ ಸೂರ್ಯ ಮುಳುಗುವವರೆಗೆ ಕಾಯಲೇಬೇಕಿತ್ತು.

ಕಾರಣ ಎಲ್ಲರಿಗೂ ಗೊತ್ತು: ಬೆಳಕಿದ್ದರೆ ಸಿನಿಮಾ ಕಾಣುವುದಿಲ್ಲ. ಆದರೆ ಬೆಳಕು ಹೆಚ್ಚಾದಾಗ ನಿಜಕ್ಕೂ ಮಾಯವಾಗುವುದು ಏನು? ತೆರೆಯ ಮೇಲಿನ ಬಿಳುಪಲ್ಲ. ಯಂತ್ರ ಎಸೆದ ಬೆಳಕು ಅಲ್ಲೇ ಇರುತ್ತದೆ. ಮಾಯವಾಗುವುದು ಕಪ್ಪು. ನಾಯಕನ ಕೂದಲು, ರಾತ್ರಿಯ ಆಕಾಶ, ಮನೆಯ ಮೂಲೆಯ ನೆರಳು ಎಲ್ಲ ಬೂದುಬಣ್ಣಕ್ಕೆ ತಿರುಗಿ ಚಿತ್ರವೇ ಕರಗಿಹೋಗುತ್ತದೆ.

ಇಲ್ಲೊಂದು ಒಗಟಿದೆ. ತೆರೆ ಎಂಬುದು ಬಿಳಿಯ ಬಟ್ಟೆ. ಪ್ರೊಜೆಕ್ಟರ್ ಅದರ ಮೇಲೆ ಬೆಳಕನ್ನು ಚೆಲ್ಲಬಲ್ಲದು, ಕತ್ತಲೆಯನ್ನು ಚೆಲ್ಲಲಾರದು. ಹಾಗಿದ್ದರೆ ತೆರೆಯ ಮೇಲೆ ನಾವು ಕಾಣುವ ಕಪ್ಪು ಎಲ್ಲಿಂದ ಬಂತು? ಅದು ಬೆಳಕು ಬೀಳದೆ ಉಳಿದ ಬಿಳಿ ಬಟ್ಟೆ, ಅಷ್ಟೆ. ಪಕ್ಕದಲ್ಲಿ ಪ್ರಖರ ಬೆಳಕಿರುವುದರಿಂದ ಕಣ್ಣು ಅದನ್ನು ಕಪ್ಪೆಂದು ಒಪ್ಪಿಕೊಳ್ಳುತ್ತದೆ. ಈ ಎರಡರ ನಡುವಿನ ಅಂತರವನ್ನೇ ತಂತ್ರಜ್ಞರು ಕಾಂಟ್ರಾಸ್ಟ್ ಎನ್ನುತ್ತಾರೆ. ಬಿಳುಪಿನ ಜಾಗದ ಬೆಳಕು ಕಪ್ಪಿನ ಜಾಗಕ್ಕಿಂತ ಸಾವಿರ ಪಟ್ಟು ಹೆಚ್ಚಿದ್ದರೆ ಕಾಂಟ್ರಾಸ್ಟ್ ಸಾವಿರಕ್ಕೆ ಒಂದು. ಚಿತ್ರಕ್ಕೆ ಆಳ, ಉಬ್ಬುತಗ್ಗು, ಜೀವಕಳೆ ಬರುವುದು ಬಹುಮಟ್ಟಿಗೆ ಇದರಿಂದ.

ರೀಲು ಹೋಗಿ ಡಿಜಿಟಲ್ ಪ್ರೊಜೆಕ್ಟರ್ ಬಂದ ಕಥೆಯನ್ನು ಸಾಮಾನ್ಯವಾಗಿ ಬೆಳಕಿನ, ಸ್ಪಷ್ಟತೆಯ ಕಥೆಯಾಗಿ ಹೇಳುವುದು ರೂಢಿ. ಆದರೆ ಆ ಯಂತ್ರಗಳನ್ನು ಕಟ್ಟಿದವರನ್ನು ದಶಕಗಳ ಕಾಲ ಕಾಡಿದ್ದು ಬೆಳಕಲ್ಲ, ಕಪ್ಪು.

ಕನ್ನಡಿ ಹಿಡಿದ ಮೈಸೂರಿಗ

ಕಪ್ಪಿಗೆ ಇಷ್ಟೊಂದು ಮಹತ್ವವೇಕೆ ಎಂದು ಕೇಳುವವರು ವಿ.ಕೆ. ಮೂರ್ತಿ ಅವರ ಛಾಯಾಗ್ರಹಣವನ್ನು ನೋಡಬೇಕು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದ ಮೂರ್ತಿ, ಗುರುದತ್ ಅವರ ಚಿತ್ರಗಳ ಕಣ್ಣಾಗಿದ್ದವರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಕತ್ತಲು ಕವಿದ ಸ್ಟುಡಿಯೊದೊಳಗೆ ಮೇಲಿನಿಂದ ಕೋಲಿನಂತೆ ಇಳಿಯುವ ಒಂದು ಬೆಳಕಿನ ಕಿರಣವಿದೆ. ದೊಡ್ಡ ದೀಪಗಳಿಂದ ಆ ಪರಿಣಾಮ ಸಿಗದಾದಾಗ ಮೂರ್ತಿ ಕನ್ನಡಿಗಳ ಮೊರೆ ಹೊಕ್ಕರು. ಹೊರಗಿನ ಬಿಸಿಲನ್ನು ಒಂದು ಕನ್ನಡಿಯಿಂದ ಇನ್ನೊಂದಕ್ಕೆ ಹಾಯಿಸಿ ಒಳಗಿಳಿಸಿದರು.

ಆ ಕಿರಣ ಇಂದಿಗೂ ಮಾತಿನ ವಿಷಯವಾಗಿರುವುದು ಅದರ ಸುತ್ತಲಿನ ಕತ್ತಲೆಯಿಂದ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಕನ್ನಡದ ‘ಹೂವು ಹಣ್ಣು’ (1993) ಚಿತ್ರಕ್ಕೂ ಕ್ಯಾಮೆರಾ ಹಿಡಿದಿದ್ದ ಅವರು 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಮೂರ್ತಿಯವರ ಕಾಲದಲ್ಲಿ ಕಪ್ಪನ್ನು ಕಾಯುತ್ತಿದ್ದುದು ರೀಲು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಕಣಗಳು ದಟ್ಟವಾಗಿ ಕುಳಿತ ಕಡೆ ದೀಪದ ಬೆಳಕು ದಾಟಲಾರದು. ಕೆರೆಯ ತೂಬು ನೀರನ್ನು ತಡೆದಂತೆ ಫಿಲ್ಮು ಬೆಳಕನ್ನು ತಡೆಯುತ್ತಿತ್ತು. ರೀಲೇ ಇಲ್ಲದ ಡಿಜಿಟಲ್ ಯಂತ್ರ ಈ ಕೆಲಸಕ್ಕೆ ಹೊಸ ತೂಬೊಂದನ್ನು ಹುಡುಕಬೇಕಾಯಿತು. ಆ ತೂಬು ಸೋರಿದರೆ ಮೂರ್ತಿಯಂಥವರು ಕಟ್ಟಿದ ಕತ್ತಲೆ ಪ್ರೇಕ್ಷಕನನ್ನು ತಲುಪುವ ಮೊದಲೇ ಮಾಸಿಹೋಗುತ್ತದೆ.

ಎಣ್ಣೆಯ ಪದರದ ಮೇಲೆ ಚಿತ್ರ

ಈ ಹುಡುಕಾಟ ಶುರುವಾದದ್ದು ಕಂಪ್ಯೂಟರಿಗಿಂತ ಮೊದಲು, ಸ್ವಿಟ್ಜರ್ಲೆಂಡಿನಲ್ಲಿ. ಜೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಿಟ್ಜ್ ಫಿಷರ್ ಅವರಿಗೆ ಟೆಲಿವಿಷನ್ ಚಿತ್ರವನ್ನು ಸಿನಿಮಾ ತೆರೆಯಷ್ಟು ದೊಡ್ಡದಾಗಿ ತೋರಿಸುವ ಆಸೆ. ಟಿವಿಯ ಕೊಳವೆಯಲ್ಲಿ ಚಿತ್ರವೂ ಬೆಳಕೂ ಒಂದೇ ಕಡೆ ಹುಟ್ಟುತ್ತವೆ. ಅದರ ಬೆಳಕು ದೊಡ್ಡ ತೆರೆಗೆ ಸಾಲದು. ಬೆಳಕಿಗೆ ಬೇರೆ ಪ್ರಬಲ ದೀಪವನ್ನಿಟ್ಟು, ಚಿತ್ರ ಆ ಬೆಳಕನ್ನು ಬಿಡುವ ಅಥವಾ ತಡೆಯುವ ಕೆಲಸವನ್ನಷ್ಟೇ ಮಾಡಿದರೆ ಹೇಗೆ? 1939ರಲ್ಲಿ ಮೂಡಿದ ಈ ಯೋಚನೆಯ ಫಲವೇ ‘ಐಡೊಫೋರ್’ ಯಂತ್ರ. ಗ್ರೀಕ್ ಮೂಲದ ಈ ಹೆಸರಿಗೆ ಬಿಂಬವನ್ನು ಹೊರುವುದು ಎಂದರ್ಥ.

ಅದರ ರಚನೆ ವಿಚಿತ್ರವಾಗಿತ್ತು. ಗಾಳಿಯನ್ನು ತೆಗೆದ ಕೋಣೆಯೊಳಗೆ ಒಂದು ಬಾಗಿದ ಕನ್ನಡಿ. ಅದರ ಮೇಲೆ ತೆಳುವಾದ ಎಣ್ಣೆಯ ಪದರ. ಎಲೆಕ್ಟ್ರಾನುಗಳ ಕಿರಣ ಆ ಎಣ್ಣೆಯ ಮೇಲೆ ಚಿತ್ರಕ್ಕೆ ತಕ್ಕಂತೆ ಸಣ್ಣ ಅಲೆಗಳನ್ನು ಎಬ್ಬಿಸುತ್ತಿತ್ತು. ಎಣ್ಣೆ ನಯವಾಗಿದ್ದ ಕಡೆ ಬಿದ್ದ ಬೆಳಕು ಬಂದ ದಾರಿಯಲ್ಲೇ ದೀಪದತ್ತ ಹಿಂದಿರುಗುತ್ತಿತ್ತು. ತೆರೆಯ ಮೇಲೆ ಅಲ್ಲಿ ಕಪ್ಪು. ಅಲೆ ಎದ್ದ ಕಡೆ ಬೆಳಕು ದಾರಿ ತಪ್ಪಿ, ಅಡ್ಡವಿಟ್ಟ ಪಟ್ಟಿಗಳ ಸಂದಿನಿಂದ ತೆರೆಗೆ ಹಾರುತ್ತಿತ್ತು, ಅಲ್ಲಿ ಬಿಳುಪು. 1943ರಲ್ಲಿ ಮೊದಲ ಮಾದರಿ ಕೆಲಸ ಮಾಡಿತು. ಫಿಷರ್ 1947ರಲ್ಲಿ ತೀರಿಕೊಂಡರೂ ಯಂತ್ರ ಉಳಿಯಿತು. ಅಪೊಲೊ ಚಂದ್ರಯಾನದ ದಿನಗಳಲ್ಲಿ ಹ್ಯೂಸ್ಟನ್‌ನ ನಿಯಂತ್ರಣ ಕೊಠಡಿಯ ದೊಡ್ಡ ತೆರೆಗಳಿಗೆ ಚಿತ್ರ ಒದಗಿಸಿದ್ದು ಐಡೊಫೋರ್‌ಗಳೇ.

ಬೆಳಕನ್ನು ಹುಟ್ಟಿಸುವುದು ಒಂದು ಕೆಲಸ, ತಡೆಯುವುದು ಇನ್ನೊಂದು ಎಂಬ ಫಿಷರ್ ಅವರ ಪಾಠವೇ ಮುಂದಿನ ಡಿಜಿಟಲ್ ಪ್ರೊಜೆಕ್ಟರುಗಳಿಗೆಲ್ಲ ತಳಹದಿಯಾಯಿತು.

ಸೋರುವ ತೂಬು

1989ರಲ್ಲಿ ಜಪಾನಿನ ಶಾರ್ಪ್ ಮತ್ತು ಎಪ್ಸನ್ ಕಂಪನಿಗಳು ಎಲ್‌ಸಿಡಿ ಪ್ರೊಜೆಕ್ಟರುಗಳನ್ನು ಮಾರುಕಟ್ಟೆಗೆ ತಂದವು. ಕೈಗಡಿಯಾರ, ಕ್ಯಾಲ್ಕುಲೇಟರುಗಳಲ್ಲಿ ಅಂಕಿ ತೋರಿಸುತ್ತಿದ್ದ ದ್ರವ ಸ್ಫಟಿಕವೇ ಇಲ್ಲಿ ತೂಬು. ಅದರ ತತ್ವವನ್ನು ತಿಳಿಯಲು ಎರಡು ಕಿಟಕಿಗಳ ಸರಳುಗಳನ್ನು ಊಹಿಸಿಕೊಳ್ಳಬಹುದು. ಒಂದರ ಸರಳು ನಿಂತಿವೆ, ಇನ್ನೊಂದರದು ಮಲಗಿವೆ. ಮೊದಲನೆಯದರಲ್ಲಿ ತೂರಿಬಂದ ಬೆಳಕು ಎರಡನೆಯದನ್ನು ದಾಟಲಾರದು. ನಡುವೆ ಇರುವ ದ್ರವ ಸ್ಫಟಿಕ ಬೆಳಕಿನ ಕಂಪನವನ್ನು ತಿರುಗಿಸಿಕೊಟ್ಟರೆ ಮಾತ್ರ ದಾಟುತ್ತದೆ. ಎಷ್ಟು ತಿರುಗಿಸಬೇಕು ಎಂಬುದನ್ನು ವಿದ್ಯುತ್ ನಿರ್ಧರಿಸುತ್ತದೆ.

ಹೇಳಲು ಸುಲಭ. ಆದರೆ ಸರಳುಗಳು ಪರಿಪೂರ್ಣವಲ್ಲ, ಸ್ಫಟಿಕದ ಅಣುಗಳೂ ಹೇಳಿದಂತೆ ಪೂರ್ತಿ ಕೇಳುವುದಿಲ್ಲ. ‘ಮುಚ್ಚು’ ಎಂದ ಮೇಲೂ ಒಂದಿಷ್ಟು ಬೆಳಕು ನುಸುಳುತ್ತದೆ. ಕಚೇರಿಯ ಸಭೆಯಲ್ಲಿ ಲೆಕ್ಕಪತ್ರ ತೋರಿಸಲು ಇದರಿಂದ ತೊಂದರೆಯಿಲ್ಲ. ಆದರೆ ರಾತ್ರಿಯ ದೃಶ್ಯವೊಂದು ಬಂದರೆ ತೆರೆಯ ತುಂಬ ಮಂಜು ಕವಿದಂತೆ. ಆರಂಭದ ಎಲ್‌ಸಿಡಿ ಯಂತ್ರಗಳಲ್ಲಿ ಸಿನಿಮಾ ನೋಡಿದವರು ದೂರಿದ್ದು ಈ ಬೂದುಗಪ್ಪಿನ ಬಗ್ಗೆಯೇ.

ಲಕ್ಷಾಂತರ ಕನ್ನಡಿಗಳು

ಅಷ್ಟರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಲ್ಯಾರಿ ಹಾರ್ನ್‌ಬೆಕ್ ಎಂಬ ವಿಜ್ಞಾನಿ ಬೇರೆಯೇ ದಾರಿ ಹಿಡಿದಿದ್ದರು. 1977ರಿಂದ ಅವರು ಸಿಲಿಕಾನ್ ಚಿಪ್ಪಿನ ಮೇಲೆ ಬಾಗುವ ಪುಟ್ಟ ಕನ್ನಡಿಗಳನ್ನು ಕಟ್ಟುತ್ತಿದ್ದರು. ಎಷ್ಟು ಬಾಗಬೇಕೋ ಅಷ್ಟೇ ಬಾಗಿಸುವುದು ಮೊದಲ ಯೋಚನೆ. ಹತ್ತು ವರ್ಷ ಹೆಣಗಿದರೂ ಲಕ್ಷಾಂತರ ಕನ್ನಡಿಗಳು ಒಂದೇ ರೀತಿ ಬಾಗಲು ಒಪ್ಪಲಿಲ್ಲ. 1987ರಲ್ಲಿ ಹಾರ್ನ್‌ಬೆಕ್ ಆ ಯೋಚನೆಯನ್ನೇ ಕೈಬಿಟ್ಟರು. ಕನ್ನಡಿಗೆ ಎರಡೇ ಭಂಗಿ ಸಾಕು: ಒಂದೋ ಈ ಕಡೆ, ಇಲ್ಲವೇ ಆ ಕಡೆ. ಈ ಕಡೆ ವಾಲಿದರೆ ಬೆಳಕು ತೆರೆಗೆ, ಆ ಕಡೆ ವಾಲಿದರೆ ಯಂತ್ರದೊಳಗೇ ಬೆಳಕನ್ನು ನುಂಗುವ ಕಪ್ಪು ಗೋಡೆಗೆ.

ಹಾಗಾದರೆ ಬಿಳಿಗೂ ಕಪ್ಪಿಗೂ ನಡುವಿನ ಬೂದು ಛಾಯೆಗಳು? ಕನ್ನಡಿ ಸೆಕೆಂಡಿಗೆ ಸಾವಿರಾರು ಬಾರಿ ಅತ್ತಿತ್ತ ಹೊರಳುತ್ತದೆ. ಹೆಚ್ಚು ಹೊತ್ತು ತೆರೆಯ ಕಡೆ ಇದ್ದರೆ ತಿಳಿಬಣ್ಣ, ಕಡಿಮೆ ಹೊತ್ತು ಇದ್ದರೆ ಗಾಢಬಣ್ಣ. ಕಣ್ಣು ಆ ಹೊರಳಾಟವನ್ನು ಹಿಡಿಯಲಾರದೆ ಸರಾಸರಿಯನ್ನಷ್ಟೇ ಕಾಣುತ್ತದೆ. ಒಂದೊಂದು ಕನ್ನಡಿಯ ಬದಿ 16 ಮೈಕ್ರಾನ್. ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು 60 ಕನ್ನಡಿಗಳು ಸಾಲಾಗಿ ನಿಲ್ಲಬಲ್ಲವು. ಡಿಎಲ್‌ಪಿ ಎಂದು ಹೆಸರಾದ ಈ ತಂತ್ರದ ಪ್ರೊಜೆಕ್ಟರುಗಳು 1996ರಲ್ಲಿ ಮಾರುಕಟ್ಟೆಗೆ ಬಂದವು.

ಇಲ್ಲಿಯೂ ತೂಬು ಸೋರುತ್ತಿತ್ತು. ಎಲ್ಲಿಂದ ಎಂದು ಹುಡುಕುತ್ತಾ ಹೋದ ಎಂಜಿನಿಯರುಗಳಿಗೆ ಕಂಡದ್ದು ಸಣ್ಣಸಣ್ಣ ಸಂದುಗಳು. ಕನ್ನಡಿಗಳ ನಡುವಿನ ಬಿರುಕಿನಲ್ಲಿ ಬೆಳಕು ಇಳಿದು, ಕೆಳಗಿನ ಹೊಳೆಯುವ ಲೋಹಕ್ಕೆ ತಾಗಿ ಮೇಲೆ ಚಿಮ್ಮುತ್ತಿತ್ತು. ಕನ್ನಡಿಯನ್ನು ಕಂಬಕ್ಕೆ ಕೂಡಿಸುವ ನಡುವಿನ ಕುಳಿಯ ಅಂಚು ಬೆಳಕನ್ನು ಚೆದುರಿಸುತ್ತಿತ್ತು. ಒಂದೊಂದಕ್ಕೂ ಒಂದೊಂದು ಮದ್ದು ಸಿದ್ಧವಾಯಿತು. ಕೆಳಗಿನ ಲೋಹಕ್ಕೆ ಬೆಳಕನ್ನು ಹೀರುವ ಕಪ್ಪು ಲೇಪ ಕೊಟ್ಟರು, ಕುಳಿಯನ್ನು ಕಿರಿದು ಮಾಡಿದರು, ಬಿರುಕನ್ನು ತಗ್ಗಿಸಿದರು. ಕನ್ನಡಿ ವಾಲುವ ಕೋನವನ್ನು 10 ಡಿಗ್ರಿಯಿಂದ 12ಕ್ಕೆ ಏರಿಸಿ, ಬೇಡದ ಬೆಳಕು ಮಸೂರದಿಂದ ಇನ್ನಷ್ಟು ದೂರ ಹೋಗುವಂತೆ ಮಾಡಿದರು. ಎರಡೇ ಡಿಗ್ರಿ! ಆದರೆ ತೆರೆಯ ಮೇಲೆ ರಾತ್ರಿಯ ಬಣ್ಣ ಬದಲಾಯಿತು.

1999ರ ಜೂನ್ 18ರಂದು ಹಾಲಿವುಡ್‌ನ ‘ಸ್ಟಾರ್ ವಾರ್ಸ್’ ಸರಣಿಯ ಚಿತ್ರವೊಂದು ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್ ವಲಯದ ನಾಲ್ಕು ಚಿತ್ರಮಂದಿರಗಳಲ್ಲಿ ರೀಲಿಲ್ಲದೆ ತೆರೆ ಕಂಡಿತು. ಎರಡು ಕಡೆ ಹಾರ್ನ್‌ಬೆಕ್‌ರ ಕನ್ನಡಿಗಳು, ಉಳಿದೆರಡು ಕಡೆ ಹ್ಯೂಸ್-ಜೆವಿಸಿ ಕಂಪನಿಯ ದ್ರವ ಸ್ಫಟಿಕದ ಯಂತ್ರ. ಮುಂದಿನ ವರ್ಷಗಳಲ್ಲಿ ಚಿತ್ರಮಂದಿರಗಳನ್ನು ಹೆಚ್ಚಾಗಿ ಆಳಿದ್ದು ಕನ್ನಡಿಗಳೇ. 2015ರಲ್ಲಿ ಹಾರ್ನ್‌ಬೆಕ್‌ಗೆ ಆಸ್ಕರ್ ಸಂಸ್ಥೆ ತನ್ನ ತಾಂತ್ರಿಕ ಪ್ರಶಸ್ತಿ ನೀಡಿ ಗೌರವಿಸಿತು.

ಸಂಖ್ಯೆಗಳ ಪೈಪೋಟಿ

2005ರ ಹೊತ್ತಿಗೆ ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳ ಕೂಟ ‘ಡಿಸಿಐ’ ಡಿಜಿಟಲ್ ಪ್ರದರ್ಶನಕ್ಕೆ ನಿಯಮಾವಳಿ ಹೊರಡಿಸಿತು. ಅದರಲ್ಲಿ ಎರಡು ಅಳತೆಗಳಿದ್ದವು. ಪೂರ್ತಿ ಬಿಳಿ ತೆರೆಯನ್ನೂ ಪೂರ್ತಿ ಕಪ್ಪು ತೆರೆಯನ್ನೂ ಒಂದಾದ ಮೇಲೊಂದು ತೋರಿಸಿ ಅಳೆದರೆ ಕಾಂಟ್ರಾಸ್ಟ್ 2000ಕ್ಕೆ 1 ಇರಬೇಕು. ಕಪ್ಪು-ಬಿಳಿ ಮನೆಗಳಿರುವ ಚದುರಂಗದ ಹಾಸನ್ನು ತೋರಿಸಿ ಅಳೆದರೆ 150ಕ್ಕೆ 1 ಇರಬೇಕು.

ಎರಡರ ನಡುವೆ ಇಷ್ಟು ಅಂತರವೇಕೆ? ಚದುರಂಗದ ಹಾಸಿನಲ್ಲಿ ಬಿಳಿ ಮನೆಗಳ ಬೆಳಕು ಮಸೂರದೊಳಗೆ ಚೆದುರಿ ಕಪ್ಪು ಮನೆಗಳಿಗೆ ನುಗ್ಗುತ್ತದೆ. ತೆರೆಯಿಂದ ಹಿಂದಿರುಗಿದ ಬೆಳಕು ಗೋಡೆ, ಚಾವಣಿ, ಮುಂದಿನ ಸಾಲಿನವರ ಬಿಳಿ ಅಂಗಿಗೆ ತಾಗಿ ಮತ್ತೆ ತೆರೆಗೆ ಬೀಳುತ್ತದೆ. ಪ್ರೇಕ್ಷಕ ನೋಡುವುದು ಪೂರ್ತಿ ಬಿಳಿ, ಪೂರ್ತಿ ಕಪ್ಪು ತೆರೆಗಳನ್ನಲ್ಲ. ಎರಡೂ ಬೆರೆತ ದೃಶ್ಯಗಳನ್ನು. ಹೀಗಾಗಿ ಎರಡನೆಯ ಅಳತೆಗೂ ಅಷ್ಟೇ ಬೆಲೆಯಿದೆ.

ಮನೆಬಳಕೆಯ ಪ್ರೊಜೆಕ್ಟರುಗಳ ಜಾಹೀರಾತುಗಳು ಮಾತ್ರ ಮೊದಲನೆಯ ಅಳತೆಯನ್ನೇ ದೊಡ್ಡಕ್ಷರದಲ್ಲಿ ಮುದ್ರಿಸಿದವು. ಅದನ್ನು ಹಿಗ್ಗಿಸಲು ಒಂದು ಉಪಾಯವೂ ಸಿಕ್ಕಿತು. ದೃಶ್ಯ ಕತ್ತಲಾದಾಗ ಯಂತ್ರದೊಳಗಿನ ಕಿಂಡಿಯೊಂದು ತಾನಾಗಿ ಕಿರಿದಾಗಿ ದೀಪದ ಬೆಳಕನ್ನೇ ತಗ್ಗಿಸುತ್ತದೆ. ಲಾಟೀನಿನ ಬತ್ತಿ ಇಳಿಸಿದ ಹಾಗೆ. ಕಪ್ಪು ಗಾಢವಾಗುತ್ತದೆ, ನಿಜ. ಆದರೆ ಕತ್ತಲ ಆಕಾಶದಲ್ಲಿ ಚಂದ್ರನಿದ್ದರೆ ಅವನೂ ಮಂಕಾಗುತ್ತಾನೆ. ಲಕ್ಷಗಳಲ್ಲಿ ಮುದ್ರಿತವಾದ ಎಷ್ಟೋ ಸಂಖ್ಯೆಗಳ ಹಿಂದೆ ಇದ್ದುದು ಈ ಕಿಂಡಿ.

ಕಿಂಡಿಯ ನೆರವಿಲ್ಲದೆ ಸಾಧಿಸಿದವರೂ ಇದ್ದರು. 2007ರಲ್ಲಿ ಜೆವಿಸಿ ಕಂಪನಿಯ ಗೃಹಬಳಕೆಯ ಯಂತ್ರವೊಂದು 15,000ಕ್ಕೆ 1ರ ಕಾಂಟ್ರಾಸ್ಟ್ ಪಡೆಯಿತು. ದ್ರವ ಸ್ಫಟಿಕದ ಅಣುಗಳು ಕಪ್ಪಿನ ಸ್ಥಿತಿಯಲ್ಲಿ ನೆಟ್ಟಗೆ ನಿಲ್ಲುವಂತೆ ಮಾಡಿ, ಹಳೆಯ ಸೋಸುಫಲಕಗಳ ಬದಲು ಅತಿಸೂಕ್ಷ್ಮ ಲೋಹದ ತಂತಿಗಳ ಜಾಲರಿಯನ್ನು ಬಳಸಿದ್ದೇ ಅದರ ಗುಟ್ಟು. ಎಲ್‌ಸಿಡಿಯ ಸೋರುವ ಕಿಟಕಿಗೆ ಕೊನೆಗೂ ಒಳ್ಳೆಯ ಸರಳು ಸಿಕ್ಕಿತ್ತು.

ಒಂದರ ಹಿಂದೆ ಇನ್ನೊಂದು

ಒಂದು ತೂಬಿನ ಸೋರಿಕೆಯನ್ನು ಪೂರ್ತಿ ನಿಲ್ಲಿಸಲಾಗದಿದ್ದರೆ ಅದರ ಹಿಂದೆ ಇನ್ನೊಂದನ್ನು ಇಡಬಹುದಲ್ಲವೇ? ಮೊದಲನೆಯದು ಸಾವಿರದಲ್ಲಿ ಒಂದು ಪಾಲು ಬೆಳಕನ್ನು ಸೋರಬಿಟ್ಟರೆ, ಎರಡನೆಯದು ಆ ಒಂದು ಪಾಲಿನಲ್ಲೂ ಸಾವಿರದ ಒಂದಂಶವನ್ನಷ್ಟೇ ಬಿಡುತ್ತದೆ. ಸಾವಿರವನ್ನು ಸಾವಿರದಿಂದ ಗುಣಿಸಿದರೆ ಹತ್ತು ಲಕ್ಷ. 2004ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಪ್ರೊಜೆಕ್ಟರೊಂದರ ಚಿತ್ರವನ್ನು ಎಲ್‌ಸಿಡಿ ಫಲಕದ ಹಿಂಬದಿಗೆ ಬೀಳಿಸಿ, ಒಂದೇ ಚಿತ್ರವನ್ನು ಎರಡು ಸಲ ಸೋಸಿದರು. ದೊರೆತ ಕಾಂಟ್ರಾಸ್ಟ್ 54,000ಕ್ಕೆ 1. ಈ ತಂತ್ರವನ್ನು ಬೆಳೆಸಿದ ಸಂಸ್ಥೆಯನ್ನು 2007ರಲ್ಲಿ ಡಾಲ್ಬಿ ಕೊಂಡುಕೊಂಡಿತು.

ಅದೇ ಡಾಲ್ಬಿ, ಕ್ರಿಸ್ಟಿ ಕಂಪನಿಯೊಡನೆ ಸೇರಿ ಚಿತ್ರಮಂದಿರಕ್ಕೆ ಲೇಸರ್ ಪ್ರೊಜೆಕ್ಟರ್ ರೂಪಿಸಿತು. ಬೆಳಕು ಒಂದು ಕನ್ನಡಿ ಚಿಪ್ಪಿನಿಂದ ಇನ್ನೊಂದಕ್ಕೆ ಹಾಯ್ದು ಆಮೇಲೆ ತೆರೆ ಸೇರುತ್ತದೆ. ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹಾಯಿಸಿದ ಮೂರ್ತಿಯವರ ಉಪಾಯ ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ. ವ್ಯತ್ಯಾಸವೆಂದರೆ ಅವರು ಹಾಗೆ ತಂದದ್ದು ಬೆಳಕನ್ನು, ಇವರು ಕತ್ತಲೆಯನ್ನು. 2015ರಲ್ಲಿ ಹಾಲಿವುಡ್‌ನ ‘ಟುಮಾರೋಲ್ಯಾಂಡ್’ ಚಿತ್ರ ಈ ಕ್ರಮದಲ್ಲಿ ತೆರೆ ಕಂಡಿತು. ಹತ್ತು ಲಕ್ಷಕ್ಕೆ ಒಂದರ ಕಾಂಟ್ರಾಸ್ಟ್ ಎಂಬುದು ತಯಾರಕರ ಹೇಳಿಕೆ.

2017ರಲ್ಲಿ ಸೋಲ್ ನಗರದ ಚಿತ್ರಮಂದಿರವೊಂದರಲ್ಲಿ ಸ್ಯಾಮ್‌ಸಂಗ್ ಪ್ರೊಜೆಕ್ಟರನ್ನೇ ಕಿತ್ತುಹಾಕಿತು. ತೆರೆಯ ಜಾಗದಲ್ಲಿ ಎಲ್‌ಇಡಿ ದೀಪಗಳ ಗೋಡೆ ಬಂತು. ದೀಪ ಆರಿಸಿದರೆ ಕಪ್ಪು. ತೂಬಿನ ಪ್ರಶ್ನೆಯೇ ಇಲ್ಲ. 2019ರಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಶಂಕರ್‌ನಾಗ್ ಚಿತ್ರಮಂದಿರಕ್ಕೂ ಇಂಥ ತೆರೆ ಬಂತು. ಆದರೆ ಗೋಡೆಗೆ ಬಟ್ಟೆಯ ತೆರೆಯಂತೆ ಸಣ್ಣ ರಂಧ್ರಗಳಿಲ್ಲ. ಧ್ವನಿಪೆಟ್ಟಿಗೆಗಳನ್ನು ಅದರ ಹಿಂದಿಡಲಾಗದು, ಮಾತು ನಟನ ಬಾಯಿಂದಲೇ ಬಂದಂತೆ ಕೇಳಿಸಲು ಬೇರೆ ವ್ಯವಸ್ಥೆ ಬೇಕು. ಖರ್ಚೂ ಹೆಚ್ಚು. ಹಾಗಾಗಿ ಪ್ರೊಜೆಕ್ಟರಿನ ಕಾಲ ಮುಗಿದಿಲ್ಲ.

ಕತ್ತಲೆ ಯಾರ ಹೊಣೆ?

ಇಷ್ಟೆಲ್ಲ ಸಾಧನೆಯ ನಂತರವೂ ಒಂದು ಲೆಕ್ಕ ಉಳಿದಿದೆ. ಯಂತ್ರದ ಬಿಳುಪು ಹತ್ತು ಲಕ್ಷ ಪಾಲು, ಕಪ್ಪು ಒಂದು ಪಾಲು ಎಂದುಕೊಳ್ಳಿ. ಮೆಟ್ಟಿಲ ದೀಪ, ಬಾಗಿಲ ಮೇಲಿನ ಹಸಿರು ಫಲಕ, ತಿಳಿಬಣ್ಣದ ಗೋಡೆ ಎಲ್ಲ ಸೇರಿ ತೆರೆಯ ಮೇಲೆ ಬರೇ 500 ಪಾಲು ಬೆಳಕು ಚೆಲ್ಲಿದವು ಎನ್ನಿ. ಬಿಳುಪಿಗೆ ಹೋಲಿಸಿದರೆ ಅದು ಎರಡು ಸಾವಿರದಲ್ಲಿ ಒಂದಂಶ, ಕಣ್ಣಿಗೆ ಬಿದ್ದೂ ಬೀಳದಷ್ಟು. ಆದರೆ ಈಗ ಕಪ್ಪಿನ ಜಾಗದಲ್ಲಿ 501 ಪಾಲು ಬೆಳಕಿದೆ. ಕಾಂಟ್ರಾಸ್ಟ್ ಹತ್ತು ಲಕ್ಷದಿಂದ ಎರಡು ಸಾವಿರದ ಆಸುಪಾಸಿಗೆ ಕುಸಿಯಿತು. 2005ರ ನಿಯಮಾವಳಿ ಕೇಳಿದ್ದೂ ಅಷ್ಟನ್ನೇ. ದುಬಾರಿ ಯಂತ್ರ ತಂದವರು ಹಳೆಯ ಯಂತ್ರದ ಚಿತ್ರವನ್ನೇ ತೋರಿಸಿದಂತಾಯಿತು.

ಒಳ್ಳೆಯ ಚಿತ್ರಮಂದಿರಗಳ ಒಳಗೋಡೆಗೆ ಗಾಢ ಬಣ್ಣದ ಬಟ್ಟೆ, ತೆರೆಯ ಸುತ್ತ ಮಖಮಲ್ಲಿನ ಕಪ್ಪು ಅಂಚು ಇರುವುದು ಈ ಕಾರಣಕ್ಕೆ. ಅದು ಬರೀ ಅಲಂಕಾರವಲ್ಲ. ಪ್ರೊಜೆಕ್ಟರ್ ಕೋಣೆಯ ಗಾಜನ್ನು ದೂಳಿಲ್ಲದಂತೆ ಒರೆಸುವುದು ಕೂಡ ಕಪ್ಪನ್ನು ಕಾಯುವ ಕೆಲಸವೇ. ಮನೆಯಲ್ಲಿ ಪ್ರೊಜೆಕ್ಟರ್ ಇಟ್ಟುಕೊಳ್ಳುವವರಿಗೂ ಇದೇ ಪಾಠ. ಹೆಚ್ಚು ಸಂಖ್ಯೆಯ ಯಂತ್ರಕ್ಕೆ ಹಣ ಸುರಿಯುವ ಮೊದಲು ಕಿಟಕಿಗೆ ದಪ್ಪ ಪರದೆ ಹಾಕಿ, ತೆರೆಯ ಹತ್ತಿರದ ಗೋಡೆಗೆ ಗಾಢ ಬಣ್ಣ ಬಳಿಸಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಲಾಭ.

ಇನ್ನು ಉಳಿದದ್ದು ಪ್ರೇಕ್ಷಕನ ಪಾಲು. ಮುಂದಿನ ಸಾಲಿನಲ್ಲಿ ಯಾರೋ ಮೊಬೈಲ್ ತೆರೆದರೆ ಹಿಂದಿನವರ ಕಣ್ಣು ಆ ಬೆಳಕಿಗೆ ಒಗ್ಗಿಕೊಳ್ಳುತ್ತದೆ. ತೆರೆಯ ನೆರಳುಗಳೊಳಗಿನ ಮುಖಗಳು ಅಷ್ಟು ಹೊತ್ತು ಕಾಣದಾಗುತ್ತವೆ. ಟೆಂಟಿನ ಮಾಲೀಕನ ಬಳಿ ಲೇಸರ್ ಇರಲಿಲ್ಲ, ಕನ್ನಡಿಯ ಚಿಪ್ಪೂ ಇರಲಿಲ್ಲ. ಆದರೆ ಕತ್ತಲಾಗುವವರೆಗೆ ಆಟ ಶುರುಮಾಡಬಾರದು ಎಂಬುದು ಅವನಿಗೆ ತಿಳಿದಿತ್ತು. ಊರಿನವರೂ ಅವನೊಡನೆ ಕಾಯುತ್ತಿದ್ದರು.